ಬಾಗಿಲಿಗೆ ಬೆನ್ನು ಕೊಟ್ಟ ಆಟ

ಬೀಗ ರಿಪೇರಿ ಮಾಡುವವನು ಜನರನ್ನು ನಂಬಬೇಕು ಎಂದು ಬಯಸುವುದೇ ತಪ್ಪು. ಊರವರೆಲ್ಲ ಸಾಚಾಗಳಾಗಿಬಿಟ್ಟರೆ ಅವನ ಮನೆಯ ಒಲೆ ಉರಿಯುವುದು ಹೇಗೆ? ಹಾಗಾಗಿ ನಮ್ಮ ಬೀಗದಣ್ಣ ಅನುಮಾನವನ್ನು ಚಿಕ್ಕಂದಿನಿಂದಲೂ ಮುದ್ದು ಮಾಡಿ ಸಾಕಿಕೊಂಡು ಬಂದಿದ್ದ. ಟೀ ಅಂಗಡಿಯವನು ಲೋಟದ ತುಂಬ ಟೀ ಕೊಟ್ಟರೆ ಹಾಲು ಹಳೆಯದಿರಬೇಕು ಅನ್ನುತ್ತಿದ್ದ. ಮುಕ್ಕಾಲು ಕೊಟ್ಟರೆ ಹೇಗೂ ಬೈಯುತ್ತಿದ್ದ. ಹೆಂಡತಿ ಯಾವತ್ತಾದರೂ ನಗುನಗುತ್ತಾ ಊಟ ಬಡಿಸಿದರೆ ತುತ್ತು ಬಾಯಿಗಿಡುವ ಮೊದಲು "ಏನು ಸಮಾಚಾರ?" ಎಂದು ಕೇಳುತ್ತಿದ್ದ. "ಸಮಾಚಾರ ಏನೂ ಇಲ್ಲ, ಉಣ್ರೀ" ಎಂದು ಅವಳು ಅಂದರೆ, ಇದೆ ಎಂದೇ ಅವನ ಲೆಕ್ಕ. ಮನೆ ಬಾಗಿಲಿಗೆ ಮೂರು ಬೀಗ ಹಾಕಿಸಿದ್ದ. ಮೂರನೆಯದರ ಕೀಲಿಕೈ ಎಲ್ಲಿದೆ ಎಂದು ಹೆಂಡತಿಗೂ ಹೇಳಿರಲಿಲ್ಲ. ಒಂದು ದಿನ ತಾನೇ ಮರೆತು, ಮನೆಮಂದಿಯನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿ, ತನ್ನ ಬೀಗವನ್ನು ತಾನೇ ಒಡೆದ.

ಕೆಲಸದಲ್ಲಿ ಮಾತ್ರ ಎತ್ತಿದ ಕೈ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ತಾಗುವಂಥ ಗೂಡಿನಲ್ಲಿ ಅವನ ಅಂಗಡಿ. ಕೀಲಿಕೈ ಕೊರೆಯುವ ಯಂತ್ರ, ಅರಗಳ ಡಬ್ಬಿ, ಮೊಳೆಗೆ ನೇತುಹಾಕಿದ ಹಲ್ಲಿಲ್ಲದ ಕೀಲಿಕೈಗಳ ಗೊಂಚಲು, ತಗಡಿನ ಸ್ಟೂಲು ಒಂದು. ಆ ಸ್ಟೂಲಿನ ಮೇಲೆ ಕೂತೇ ಅವನು ಮಗಳನ್ನು ಓದಿಸಿದ, ಮನೆ ಕಟ್ಟಿಸಿದ, ಕೂದಲು ಬೆಳ್ಳಗೆ ಮಾಡಿಕೊಂಡ.

ಈಗ ಆ ಕಟ್ಟಡವನ್ನೇ ಕೆಡವುತ್ತಾರಂತೆ. ತಿಂಗಳ ಕೊನೆಯೊಳಗೆ ಜಾಗ ಖಾಲಿ ಮಾಡಬೇಕು. ಬೀಗದಣ್ಣ ಪೇಟೆ ಬೀದಿಯನ್ನೆಲ್ಲ ಸುತ್ತಿದ. ಸ್ಟೂಲು ಇಡುವಷ್ಟು ಜಾಗವೂ ಹುಟ್ಟಲಿಲ್ಲ. ಯಂತ್ರವನ್ನು ಮಾರಿ, ಯಾವುದಾದರೂ ಗೋದಾಮಿನ ಗೇಟಿನಲ್ಲಿ ಕಾವಲಿಗೆ ಕೂರುವುದೊಂದೇ ಉಳಿದ ದಾರಿ. ಬೇರೆಯವರು ಹಾಕಿದ ಬೀಗವನ್ನು ದಿನವಿಡೀ ನೋಡುತ್ತಾ ಕೂರುವ ಕೆಲಸ! ನೆನೆಸಿಕೊಂಡರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಕತ್ತರಿ ಬಂದು ಒಂದು ಮಾತು ಹೇಳಿದ. ಕತ್ತರಿ ಅಂದರೆ ಎದುರು ಸಾಲಿನ ಕಟಿಂಗ್ ಶಾಪಿನವನು, ಬೀಗದಣ್ಣನ ಹಳೇ ಗೆಳೆಯ. ಹೆಸರೇ ಮರೆತುಹೋಗುವಷ್ಟು ದಿನದಿಂದ ಬೀದಿಗೆಲ್ಲ ಅವನು ಕತ್ತರಿಯೇ. "ನನ್ನ ಅಂಗಡಿ ಬಾಗಿಲ ಪಕ್ಕದ ಮೂಲೆ ಸುಮ್ನೆ ಬಿದ್ದಿದೆ. ನಿನ್ನ ಮೆಷಿನ್ನು ತಂದು ಇಟ್ಕೋ. ಬಾಡಿಗೆ ಗೀಡಿಗೆ ಆಮೇಲೆ ನೋಡ್ಕೊಳ್ಳೋಣ" ಅಂದ. ಹೊರಡುವಾಗ ತಿರುಗಿ, "ಮೊಬೈಲ್ ಕವರ್ ಮಾರೋನೊಬ್ಬ ಅದೇ ಮೂಲೆ ಕೇಳ್ತಿದಾನೆ. ರಜೆ ದಿನ ಆಟಕ್ಕೆ ಬರ್ತೀಯಲ್ಲ, ಅವತ್ತು ಹೂಂ ಅಥವಾ ಊಹೂಂ ಹೇಳ್ಬಿಡು" ಎಂದೂ ಸೇರಿಸಿದ.

ಇನ್ನೊಬ್ಬನಾಗಿದ್ದರೆ ಕೈ ಹಿಡಿದು ಕಣ್ಣೀರು ಹಾಕುತ್ತಿದ್ದ. ಬೀಗದಣ್ಣ ಮನೆಗೆ ಹೋಗಿ ಗೋಡೆ ನೋಡುತ್ತಾ ಕೂತ. ಬಾಡಿಗೆ ಆಮೇಲೆ ಅಂದರೆ ಏನರ್ಥ? ಸುಮ್ಮಸುಮ್ಮನೆ ಯಾರಾದರೂ ಜಾಗ ಕೊಡುತ್ತಾರಾ? ಮೊಬೈಲ್ ಕವರಿನವನ ಮಾತು ಯಾಕೆ ಎತ್ತಿದ? ನನ್ನನ್ನು ಅವಸರಪಡಿಸುವುದಕ್ಕಾ?

"ಕೊಡೋರು ಕೊಡ್ತಿದಾರೆ, ಹೂಂ ಅಂದ್ಬಿಡಿ" ಎಂದಳು ಹೆಂಡತಿ.

"ನಿಂಗೆ ಗೊತ್ತಾಗಲ್ಲ ಸುಮ್ನಿರು. ಅವನು ಎಲೆ ಆಟದಲ್ಲೇ ನೆಟ್ಟಗಿಲ್ಲ. ಅಂಗಡಿ ವಿಷಯದಲ್ಲಿ ನೆಟ್ಟಗಿರ್ತಾನಾ?"

"ಆ ತುಕ್ಕು ಹಿಡಿದ ಕೀ ಇಟ್ಕೊಂಡು ಆಡೋ ಆಟದಲ್ಲಿ ಮೋಸ ಬೇರೆ ಮಾಡ್ತಾರಾ? ಸರಿಹೋಯ್ತು!" ಎಂದು ಅವಳು ತಲೆ ಚಚ್ಚಿಕೊಂಡಳು.

ಆ ಆಟದ ಕಥೆಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ವಾರದ ರಜೆಯ ಮಧ್ಯಾಹ್ನ ಕತ್ತರಿಯ ಅಂಗಡಿಯಲ್ಲಿ ನಾಲ್ಕು ಜನ ಪೋಕರ್ ಎಂಬ ಇಸ್ಪೀಟಾಟ ಆಡುತ್ತಿದ್ದರು. ಕಲಿಸಿದವನು ಬೀಗದಣ್ಣನ ಭಾಮೈದ, ಹೆಂಡತಿಯ ತಮ್ಮ, ಹಡಗಿನಲ್ಲಿ ಅಡುಗೆ ಕೆಲಸ ಮಾಡಿ ಬಂದವನು. ನಾಲ್ಕನೆಯವಳು ಪಕ್ಕದ ಅಂಗಡಿಯ ಇಸ್ತ್ರಿಯಕ್ಕ. ದುಡ್ಡಿನ ಮಾತಿಲ್ಲ. ಬೀಗದಣ್ಣನ ಡಬ್ಬಿಯಲ್ಲಿ ಕೊರೆಯುವಾಗ ಕೆಟ್ಟುಹೋದ ಕೀಲಿಕೈಗಳು ಸೇರುಗಟ್ಟಲೆ ಇದ್ದವು, ಅವೇ ಪಣ. ಸಂಜೆಗೆ ಯಾರ ಮುಂದೆ ಕಮ್ಮಿ ಉಳಿಯಿತೋ ಅವರು ಎಲ್ಲರಿಗೂ ಟೀ ಕುಡಿಸಬೇಕು, ಅಷ್ಟೇ.

ಆಟವೂ ಸುಲಭ. ಕೈಗೆ ಎರಡೆಲೆ ಮುಚ್ಚಿ ಕೊಡುತ್ತಾರೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದು, ಕೊನೆಗೊಂದು ಎಂದು ಬಿಚ್ಚುತ್ತಾರೆ. ಪ್ರತಿ ಸಲವೂ ಸರದಿಯಂತೆ ಕೀಲಿಕೈ ಹಾಕಬೇಕು, ಇಲ್ಲವೇ ಎಲೆ ಮಗುಚಿ ಹೊರಗಾಗಬೇಕು. ಯಾರೂ ಇನ್ನೂ ಹಾಕಿಲ್ಲದಿದ್ದರೆ ಪಾಸ್ ಅನ್ನಬಹುದು. ಕೈಯದೂ ಮೇಜಿನದೂ ಸೇರಿ ಒಂದೇ ಜಾತಿಯ ಐದೆಲೆ ಕೂಡಿದರೆ ಕಲರ್, ಎರಡು ಜೋಡಿಗಿಂತಲೂ ಮೂರು ಗುಲಾಮರಿಗಿಂತಲೂ ಅದು ದೊಡ್ಡ ಕೈ. ಇಬ್ಬರಿಗೂ ಕಲರ್ ಬಂದರೆ ಎಕ್ಕ ಇದ್ದವನು ಗೆದ್ದ.

ಆದರೆ ಬೀಗದಣ್ಣನ ಅನುಮಾನಕ್ಕೆ ಬಾಗಿಬಾಗಿ ಈ ಆಟ ಬೇರೆಲ್ಲೂ ಇಲ್ಲದ ಆಕಾರ ತಳೆದಿತ್ತು. ಭಾಮೈದ ಎಲೆ ಕಲಸುವಾಗ ಏನೋ ಕೈಚಳಕ ಮಾಡುತ್ತಾನೆ ಎಂದು ಮೊದಲ ತಿಂಗಳೇ ಅವನು ರಂಪ ಮಾಡಿದ್ದ. ರೋಸಿಹೋದ ಮೂವರೂ, ಕಲಸಿ ಹಂಚುವುದು ಇನ್ನು ಮೇಲೆ ಕತ್ತರಿಯೊಬ್ಬನೇ ಎಂದು ತೀರ್ಮಾನಿಸಿದರು. ಕತ್ತರಿ ಕೂರುವುದು ಗಿರಾಕಿಗಳ ತಿರುಗುವ ಕುರ್ಚಿಯಲ್ಲಿ. ಅದು ನೆಲಕ್ಕೆ ಬೋಲ್ಟ್ ಹಾಕಿದ್ದು, ಹಾಗಾಗಿ ಹಂಚುವ ಜಾಗವೂ ಕದಲುವಂತಿಲ್ಲ. ಹಂಚುವವನು ಕೊನೆಗೆ ಮಾತಾಡಬೇಕು, ಅವನ ಎಡಗಡೆಯವನು ಮೊದಲು ಎಂಬುದು ಆಟದ ನಿಯಮ.

ಇನ್ನು ಕನ್ನಡಿಗಳು. ಕಟಿಂಗ್ ಶಾಪು, ಗೋಡೆ ತುಂಬ ಕನ್ನಡಿ. ಬೀಗದಣ್ಣ ಅವಕ್ಕೆಲ್ಲ ಬಟ್ಟೆ ಹೊದಿಸಿದ. ಸಾಲದೆಂದು, ಕನ್ನಡಿ ಗೋಡೆಯಿಂದ ಅತಿ ದೂರದ ಜಾಗವನ್ನೇ ಆರಿಸಿಕೊಂಡ: ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು. ದಾರಿಹೋಕರು ಗಾಜಿನಿಂದ ಇಣುಕಿದರೆ? ಅದಕ್ಕೆ ಹೊರಗಿನ ಷಟರನ್ನು ಆಟಕ್ಕೆ ಮುಂಚೆ ತಾನೇ ನೆಲದವರೆಗೆ ಎಳೆದು, ಬಾಗಿಲು ಮುಚ್ಚುತ್ತಿದ್ದ. ಆ ಜಾಗ ಕತ್ತರಿಯ ಎಡಗಡೆಗೆ ಬಿತ್ತು. ಅಂದರೆ ಪ್ರತಿ ಆಟದಲ್ಲೂ, ಪ್ರತಿ ಸುತ್ತಿನಲ್ಲೂ, ಮೂವರೂ ಬಾಯಿ ಮುಚ್ಚಿಕೊಂಡು ಕಾಯುತ್ತಿರುವಾಗ ಮೊದಲು ಬಾಯಿ ಬಿಡಬೇಕಾದವನು ಅವನೇ. ಮಿಕ್ಕವರು ಅವನ ಮಾತು ಕೇಳಿಕೊಂಡು ತಮ್ಮದು ಹೇಳುತ್ತಿದ್ದರು. ಇದನ್ನು ಅವನಿಗೆ ಯಾರೂ ಮಾಡಿದ್ದಲ್ಲ, ಮಹಾಶಯ ತಾನೇ ಮಾಡಿಕೊಂಡದ್ದು.

ಬಾಗಿಲ ಹತ್ತಿರ ಬೆಳಕು ಕಮ್ಮಿ. ಅವನು ಎರಡೆಲೆಯನ್ನೂ ಕಿವಿಯ ಪಕ್ಕಕ್ಕೆ, ಕೊರೆದ ಕೀಲಿಕೈಯ ಹಲ್ಲು ನೋಡುವಂತೆ, ಟ್ಯೂಬ್‌ಲೈಟಿನತ್ತ ಎತ್ತಿ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಎರಡೂ ಒಂದೇ ಜಾತಿಯಾಗಿದ್ದು, ಮೇಜಿನ ಮೇಲೂ ಅದೇ ಜಾತಿಯ ಎರಡು ಬಿದ್ದರೆ ಮುಗಿಯಿತು. ನಾಲ್ಕು ಕೂಡಿದೆ, ಇನ್ನೊಂದು ಬಂದರೆ ಕಲರ್! ಆ ಇನ್ನೊಂದು ಬರುತ್ತದೆಯೋ ಇಲ್ಲವೋ ತಿಳಿಯುವ ಮೊದಲೇ ಬೊಗಸೆ ತುಂಬ ಕೀಲಿಕೈ ಝಣ್ಣೆಂದು ಸುರಿಯುತ್ತಿದ್ದ. ಎಲ್ಲರನ್ನೂ ಹೆದರಿಸಿ ಓಡಿಸಿಬಿಡಬೇಕು, ಒಳಗೆ ಉಳಿದವರೆಲ್ಲ ಕಳ್ಳರು ಎಂಬುದು ಅವನ ನೀತಿ. ಕೂಡದ ಕೈಯಿದ್ದವರು ಓಡುತ್ತಿದ್ದರು. ಗಟ್ಟಿ ಕೈಯಿದ್ದವನು ಮಾತ್ರ ಉಳಿಯುತ್ತಿದ್ದ. ಐದನೆಯದು ಹೆಚ್ಚಾಗಿ ಬರುತ್ತಿರಲಿಲ್ಲ. ಬೀಗದಣ್ಣ ಟೀ ಕುಡಿಸುತ್ತಿದ್ದ.

"ಭಾವ, ನಿಮ್ಮ ಹಿಂದೆ ಮೂರು ಜನ ಮಾತಾಡೋಕಿದಾರೆ" ಎಂದು ಭಾಮೈದ ಎಷ್ಟೋ ಸಲ ಹೇಳಿದ್ದ. "ಮೊದಲು ಮಾತಾಡೋನು ಕಮ್ಮಿ ಮಾತಾಡ್ಬೇಕು. ಅದೂ ಕೈಲಿ ಎಕ್ಕ ಇದ್ರೆ ಪಾಸ್ ಅಂದ್ಬಿಡಿ, ಎಲ್ಲರನ್ನೂ ಒಳಗೆ ಬಿಟ್ಕೊಳ್ಳಿ. ಕಲರ್ ಕೂಡಿದ್ರೆ ಜನ ಇದ್ದಷ್ಟೂ ನಿಮಗೇ ಹೆಚ್ಚು. ಎಕ್ಕ ಇಲ್ದೆ ಸಣ್ಣ ಎಲೆ ಇದ್ರೆ ಭಯಪಡಿ, ಅಷ್ಟು ಜನರಲ್ಲಿ ಯಾರ ಹತ್ರಾನೋ ದೊಡ್ಡದಿರುತ್ತೆ. ನೀವು ಎಲ್ಲಾನೂ ಉಲ್ಟಾ ಮಾಡ್ತೀರಲ್ಲ!"

"ನನಗೆ ಪಾಠ ಹೇಳೋಕೆ ಬರ್ಬೇಡ. ನೀವು ಮೂರೂ ಜನ ಒಳಗೊಳಗೇ ಒಂದಾಗಿದ್ದೀರ."

ಅವನ ಕಣ್ಣು ಮುಖ್ಯವಾಗಿ ಕತ್ತರಿಯ ಮೇಲೆ. ಕತ್ತರಿ ಕೂರುವ ರೀತಿಯೇ ಸರಿಯಿರಲಿಲ್ಲ. ಮೇಜು ಮುಂದಿದ್ದರೂ ಕುರ್ಚಿಯನ್ನು ಕ್ಯಾಲೆಂಡರ್ ನೇತುಹಾಕಿದ ಪಕ್ಕದ ಗೋಡೆಯತ್ತ ತಿರುಗಿಸಿ, ಕತ್ತು ಮಾತ್ರ ಹೊರಳಿಸಿ, ತಲೆ ತಗ್ಗಿಸಿ ಎಲೆ ಹಂಚುತ್ತಿದ್ದ. ನೆಟ್ಟಗೆ ಕೂತರೆ ಇವನ ಗಂಟೇನು ಹೋಗುತ್ತಿತ್ತು? ಆ ಗೋಡೆಯ ಕಡೆ ಕೂರುವವಳು ಇಸ್ತ್ರಿಯಕ್ಕ. ಇಬ್ಬರೂ ಕಣ್ಸನ್ನೆ ಮಾಡಿಕೊಳ್ಳುತ್ತಾರೆ, ಇನ್ನೇನು? ಒಮ್ಮೆ ಅವನ ಕಲರ್ ಕೂಡದೆ ಕತ್ತರಿ ಎರಡು ಜೋಡಿಯಿಂದ ಗೆದ್ದಾಗ, "ನನ್ನ ಕೈ ಖಾಲಿ ಅಂತ ಹೆಂಗೆ ಗೊತ್ತಾಯ್ತು ಇವನಿಗೆ?" ಎಂದು ಮನೆ ಮುಟ್ಟುವವರೆಗೂ ಗೊಣಗಿಕೊಂಡು ಹೋದ. ಹೋದ ವಾರ ತನಗೆ ಎಕ್ಕದ ಕಲರ್ ಕೂಡಿ, ಕತ್ತರಿ ಮೂರು ಗುಲಾಮರನ್ನು ಹಿಡಿದು ತನ್ನ ಕೀಲಿಕೈಯನ್ನೆಲ್ಲ ಸೋತಾಗ, "ನಂಬಿಸೋಕೆ ಬೇಕಂತ ಸೋತ" ಎಂದು ಹೇಳಿಕೊಂಡ. ಗೆದ್ದರೂ ಕಳ್ಳ, ಸೋತರೂ ಕಳ್ಳ. ಪಾಪ, ಕತ್ತರಿ ಏನು ಮಾಡಬೇಕಿತ್ತೋ!

ಉತ್ತರ ಹೇಳಬೇಕಾದ ರಜೆಯ ದಿನ ಬಂತು. ಬೀಗದಣ್ಣ ದಾರಿಯುದ್ದಕ್ಕೂ ಒಂದು ಉಪಾಯ ಹೊಸೆದುಕೊಂಡು ಹೋದ. ಇವತ್ತು ಇವನ ಬಂಡವಾಳ ಬಯಲು ಮಾಡುತ್ತೇನೆ. ಆಟದಲ್ಲಿ ಮೋಸ ಇದೆ ಎಂದಾದರೆ ಮೂಲೆಯೂ ಬೇಡ, ಇವನ ಸ್ನೇಹವೂ ಬೇಡ; ಯಂತ್ರ ಮಾರಿ ಗೇಟಿನಲ್ಲಿ ಕೂತರೂ ಸರಿ. ಹಾಗೆಂದುಕೊಂಡು ಅರ್ಧ ದಾರಿಯಿಂದ ಒಮ್ಮೆ ಹಿಂದಕ್ಕೆ ತಿರುಗಿದ್ದೂ ನಿಜ. ಆದರೂ ಷಟರ್ ಎಳೆದು, ಬಾಗಿಲು ಮುಚ್ಚಿ, ಎಲ್ಲರೂ ಕೂರುವ ಮುಂಚೆ ಅಂದುಬಿಟ್ಟ:

"ಇವತ್ತು ಜಾಗ ಬದಲಾಯಿಸೋಣ. ನಾನು ಕುರ್ಚೀಲಿ ಕೂರ್ತೀನಿ, ನಾನೇ ಹಂಚ್ತೀನಿ. ಕತ್ತರಿ, ನೀನು ಬಾಗಿಲ ಹತ್ರ ಕೂತ್ಕೋ."

ಕತ್ತರಿಯ ಮುಖ ಸಪ್ಪಗಾಯಿತು. "ಯಾಕೋ? ಬೇಡ ಬಿಡು. ಆ ಕುರ್ಚಿ ನಿಂಗೆ ಆಗಿಬರಲ್ಲ."

ಬೀಗದಣ್ಣನ ಕಿವಿ ನೆಟ್ಟಗಾಯಿತು. "ಯಾಕೆ ಆಗಿಬರಲ್ಲ?"

"ಸುಮ್ನೆ ಹೇಳ್ದೆ."

"ಸುಮ್ನೆ ಯಾರೂ ಏನೂ ಹೇಳಲ್ಲ. ಏಳು."

"ಅಯ್ಯೋ, ಕೊಟ್ಬಿಡಪ್ಪಾ ಕುರ್ಚೀನ, ಸಿಂಹಾಸನವೇನಲ್ಲ" ಎಂದಳು ಇಸ್ತ್ರಿಯಕ್ಕ. ಕತ್ತರಿ ಒಂದು ಗಳಿಗೆ ಗೆಳೆಯನ ಮುಖ ನೋಡಿ, ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಬೀಗದಣ್ಣ ಕುರ್ಚಿಗೆ ಬೆನ್ನು ಆನಿಸಿದ್ದೇ ತಡ, ಅದು ಕಿರ್ರೆಂದು ತಾನಾಗಿಯೇ ಕ್ಯಾಲೆಂಡರ್ ಗೋಡೆಯತ್ತ ಹೊರಳಿತು. ತಿರುಗಿಸಿ ತಿರುಗಿಸಿ ಅತ್ತಲೇ ಸವೆದಿತ್ತು. "ನಾನು ನಿನ್ನ ಹಾಗೆ ಸೊಟ್ಟಗೆ ಕೂರೋನಲ್ಲ" ಎಂದು ಅವನು ಪಾದವನ್ನು ನೆಲಕ್ಕೆ ಒತ್ತಿ ಕುರ್ಚಿಯನ್ನು ನೇರ ಮಾಡಿಕೊಂಡ. ಎಲೆ ಕಲಸಿದ, ಹಂಚಿದ. ತನಗೆ ಆಟೀನ್ ರಾಜ, ಆಟೀನ್ ಒಂಬತ್ತು.

ಮೇಜಿನ ಮೇಲೆ ಮೂರು ಬಿಚ್ಚಿದ. ಆಟೀನ್ ಏಳು, ಆಟೀನ್ ಮೂರು, ಇಸ್ಪೀಟ್ ರಾಣಿ. ನಾಲ್ಕು ಕೂಡಿತು! ಈ ಸಲ ಮೊದಲು ಬಾಯಿ ಬಿಡಬೇಕಾದ ಕರ್ಮವಿಲ್ಲ. ಕತ್ತರಿ ಎಲೆಯನ್ನು ಮಡಿಲಲ್ಲಿಟ್ಟು ನೋಡಲು ಹೋದ, ಕಾಣಿಸಲಿಲ್ಲ. ಎತ್ತಿ ಹಿಡಿದು ನೋಡಿ, ಇಳಿಸಿ, "ಪಾಸ್" ಅಂದ. ಇಸ್ತ್ರಿಯಕ್ಕ ಒಂದು ಕೀಲಿಕೈ ಹಾಕಿದಳು. ಭಾಮೈದ ಹಾಕಿದ, ಬೀಗದಣ್ಣ ಹಾಕಿದ, ಕೊನೆಗೆ ಕತ್ತರಿಯೂ ಹಾಕಿದ. ಒಬ್ಬರೂ ಹೊರಗೆ ಹೋಗಲಿಲ್ಲ. ನಾಲ್ಕನೆಯದು ಕಳಾವರ್ ಹತ್ತು, ಕೆಲಸಕ್ಕೆ ಬಾರದ್ದು. ಮತ್ತೆ ಕತ್ತರಿ ಪಾಸ್ ಅಂದ, ಮತ್ತೆ ಅಕ್ಕ ಹಾಕಿದಳು, ಮತ್ತೆ ನಾಲ್ವರೂ ಉಳಿದರು. ಬೀಗದಣ್ಣ ಕೊನೆಯ ಎಲೆ ಬಿಚ್ಚಿದ.

ಆಟೀನ್ ನಾಲ್ಕು. ರಾಜನ ಕಲರ್!

ಕತ್ತರಿ ತನ್ನ ಎರಡೆಲೆಯನ್ನು ಇನ್ನೊಮ್ಮೆ ಬೆಳಕಿನತ್ತ ಎತ್ತಿ ನೋಡಿ, ಇನ್ನೊಂದು ಕೈಯಿಂದ ದೊಡ್ಡ ಹಿಡಿ ಕೀಲಿಕೈಗಳನ್ನು ನಡುವಿಗೆ ತಳ್ಳಿದ. "ಇದು ನಂಗಲ್ಲ" ಎಂದು ಅಕ್ಕ ಎಲೆ ಮಗುಚಿದಳು. ಭಾಮೈದ ಬೈದುಕೊಂಡು ಮಗುಚಿದ. ಬೀಗದಣ್ಣ ತನ್ನ ರಾಶಿಯನ್ನೆಲ್ಲ ತಳ್ಳಲು ಎರಡೂ ಕೈ ಚಾಚಿದ. ಚಾಚಿದವನು, ಅಭ್ಯಾಸಬಲ ನೋಡಿ, ಇವನ ಮುಖದಲ್ಲಿ ಏನಾದರೂ ಸುಳಿವು ಸಿಗುತ್ತದೇನೋ ಎಂದು ತಲೆಯೆತ್ತಿದ.

ಮುಖದ ಪಕ್ಕದಲ್ಲಿ, ಹಿಂದಿನ ಬಾಗಿಲ ಗಾಜಿನಲ್ಲಿ, ಕತ್ತರಿ ಹಿಡಿದ ಎರಡೆಲೆಗಳೂ ಕಂಡವು. ಒಂದರ ನಡುವೆ ಒಂಟಿ ಕೆಂಪು ಗುರುತು. ಆಟೀನ್ ಎಕ್ಕ. ಪಕ್ಕದಲ್ಲಿ ಆಟೀನ್ ಎಂಟು. ಒಳಗೆ ದೀಪ, ಹೊರಗೆ ಷಟರಿನ ಕತ್ತಲೆ. ಗಾಜು ಗಾಜಾಗಿ ಉಳಿದಿರಲಿಲ್ಲ, ಬಟ್ಟೆ ಹೊದಿಸದೆ ಬಿಟ್ಟ ಕನ್ನಡಿಯಾಗಿತ್ತು.

ಚಾಚಿದ ಕೈ ಯಾರೂ ಹೇಳದೆ ಹಿಂದೆ ಬಂತು, ತನ್ನ ಎರಡೆಲೆಯನ್ನು ಮಗುಚಿ ಮೇಜಿಗೆ ಹಾಕಿತು. ಎಲಾ ಇವನಾ! ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ನನ್ನ ಒಂದೊಂದು ಎಲೆಯನ್ನೂ ನೋಡಿ ಆಡಿದ್ದಾನೆ! ಅನುಮಾನವಲ್ಲ ಇದು, ಸಾಕ್ಷಿ. ನಾನು ಹೇಳಿದ್ದೇ ನಿಜ!

ಅಷ್ಟರಲ್ಲಿ ಭಾಮೈದ ಮರ್ಯಾದೆ ಬಿಟ್ಟು ಅವನ ಎಲೆ ತಿರುಗಿಸಿ ನೋಡಿ ಕೂಗಿದ, "ಭಾವಾ! ರಾಜನ ಕಲರ್ ಬಿಟ್ರಾ? ನೀವು? ಜ್ವರ ಗಿರ ಬಂದಿದೆಯಾ?"

ಬೀಗದಣ್ಣ ಕತ್ತರಿಯನ್ನು ಝಾಡಿಸಲು ಎದೆಯುಬ್ಬಿಸಿ ಬಾಯಿ ತೆರೆದ. ಆ ಆವೇಶದಲ್ಲಿ ನೆಲಕ್ಕೊತ್ತಿದ್ದ ಪಾದ ಸಡಿಲವಾಯಿತು. ಕುರ್ಚಿ ಕಿರ್ರೆಂದು ಮೆಲ್ಲಗೆ ಹೊರಳಿ, ಅವನನ್ನು ಒಯ್ದು ಕ್ಯಾಲೆಂಡರಿನ ಮುಂದೆ ನಿಲ್ಲಿಸಿತು. ಮೇಜು ನೋಡಬೇಕಾದರೆ ಈಗ ಕತ್ತು ಹೊರಳಿಸಬೇಕು, ತಲೆ ತಗ್ಗಿಸಬೇಕು. ಹೊರಳಿಸಿದ, ತಗ್ಗಿಸಿದ. ಮೇಜಿನ ಮೇಲಿನ ಎಲೆ ಕಂಡಿತು, ಕೀಲಿಕೈ ಕಂಡಿತು. ಬಾಗಿಲ ಗಾಜು ಮಾತ್ರ ಕಾಣಲಿಲ್ಲ.

ಕತ್ತನ್ನು ಇನ್ನೂ ಹೊರಳಿಸಿ ನೋಡಿದ. ಊಹೂಂ, ಕಾಣಲಿಲ್ಲ.

ಹೋದ ವಾರ ಮೂರು ಗುಲಾಮರನ್ನು ಹಿಡಿದು ಕತ್ತರಿ ಎಲ್ಲವನ್ನೂ ಸೋತದ್ದು ನೆನಪಾಯಿತು. ಎಕ್ಕದ ಕಲರನ್ನು ಕಣ್ಣಾರೆ ಕಂಡವನು ಹಾಗೆ ಸೋಲುತ್ತಾನಾ? ಕತ್ತು ನೋವೆಂದು ಅವನು ಅಂಗಡಿಯಲ್ಲಿ ಮುಲಾಮು ತಿಕ್ಕಿಕೊಳ್ಳುತ್ತಿದ್ದದ್ದು ನೆನಪಾಯಿತು. ಈ ಮೇಜಿನಲ್ಲಿ ಇನ್ನೊಬ್ಬರ ಎಲೆ ನೋಡಿ ಆಡಿದವನು ಒಬ್ಬನೇ ಒಬ್ಬ, ಅದೂ ಕುರ್ಚಿಯಲ್ಲಿ ಕೂತ ಮೊದಲ ಆಟದಲ್ಲೇ. ನಾಚಿಕೆಯಿಂದ ಬೀಗದಣ್ಣನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಕತ್ತರಿ ಕೀಲಿಕೈಗಳನ್ನು ತನ್ನ ಕಡೆ ಎಳೆದುಕೊಳ್ಳಲಿಲ್ಲ. ಮೆಲ್ಲಗೆ ಅಂದ, "ಅದಕ್ಕೇ ಹೇಳಿದ್ದು, ಆ ಕುರ್ಚಿ ಆಗಿಬರಲ್ಲ ಅಂತ. ಮೊದಮೊದಲು ಕತ್ತು ನೋಯುತ್ತೆ. ಆಮೇಲೆ ಅಭ್ಯಾಸ ಆಗ್ಬಿಡುತ್ತೆ."

"ಯಾವಾಗಿಂದ ಗೊತ್ತಿತ್ತು ನಿಂಗೆ?"

"ನೀನು ಷಟರ್ ಎಳೆದ ಮೊದಲ ದಿನದಿಂದ."

"ಹೇಳ್ಬಾರ್ದಾಗಿತ್ತಾ ಮಾರಾಯ?"

"ಹೇಳಿದ್ರೆ ನಂಬ್ತಿದ್ಯಾ? ಇಷ್ಟೊತ್ತೂ ನೋಡ್ಕೊಂಡೇ ಆಡಿದಾನೆ ಅಂತ ಎದ್ದು ಹೋಗ್ತಿದ್ದೆ. ಮತ್ತೆ ಈ ಕಡೆ ತಲೆ ಹಾಕ್ತಿರ್ಲಿಲ್ಲ. ಅದಕ್ಕಿಂತ ಕತ್ತು ನೋಯೋದೇ ವಾಸಿ ಅನ್ನಿಸ್ತು."

"ಏನ್ರೋ ಅದು, ನಮಗೂ ಹೇಳ್ರೋ" ಎಂದಳು ಇಸ್ತ್ರಿಯಕ್ಕ.

ಬೀಗದಣ್ಣ ಎದ್ದ. ಬಾಗಿಲು ತೆರೆದು, ಬಗ್ಗಿ, ಷಟರನ್ನು ಎರಡು ಕೈಯಿಂದ ಮೇಲಕ್ಕೆ ದೂಡಿದ. ಬಿಸಿಲು ಒಳಗೆ ನುಗ್ಗಿತು. ಬಾಗಿಲು ಮುಚ್ಚಿದಾಗ ಗಾಜಿನಾಚೆ ಬೀದಿಯಿತ್ತು, ಸೈಕಲ್ಲುಗಳಿದ್ದವು. ತರಕಾರಿ ಚೀಲ ಹಿಡಿದವರೊಬ್ಬರು ಒಳಗೆ ಇಣುಕಿಯೂ ಹೋದರು.

"ಭಾವ, ಹೊರಗಿನವರು ನಿಮ್ಮ ಎಲೆ ನೋಡ್ತಾರೆ!" ಎಂದ ಭಾಮೈದ.

"ನೋಡ್ಲಿ ಬಿಡು" ಎಂದ ಬೀಗದಣ್ಣ. ಹಳೆಯ ಜಾಗದಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಕತ್ತರಿ ತನ್ನ ಕುರ್ಚಿಗೆ ಹೋಗಿ ಎಲೆ ಕಲಸತೊಡಗಿದ.

"ಕತ್ತರಿ, ಈ ಮೂಲೇಲಿ ಮೆಷಿನ್ನಿಗೆ ಪ್ಲಗ್ ಎಲ್ಲಿದೆ?"

ಎಲೆ ಕಲಸುವ ಕೈ ನಿಂತಿತು. "ನಿನ್ನ ಹಿಂದೇನೇ ಇದೆ. ಮೊಬೈಲ್ ಕವರಿನವನಿಗೆ ಏನು ಹೇಳ್ಲಿ?"

"ಬೇರೆ ಜಾಗ ನೋಡ್ಕೊಳ್ಳೋಕೆ ಹೇಳು."

ಕತ್ತರಿ ತಲೆಯಾಡಿಸಿ ಎಲೆ ಹಂಚಿದ. ಹಂಚುತ್ತಿದ್ದಂತೆ ಕುರ್ಚಿ ಮತ್ತೆ ಗೋಡೆಯತ್ತ ಹೊರಳಿತು, ಅವನ ಕತ್ತೂ ಅದರ ಜೊತೆಗೇ ಬಾಗಿತು.

"ಇನ್ನಾದ್ರೂ ನೆಟ್ಟಗೆ ಕೂತ್ಕೊಳ್ಳೋ" ಎಂದು ಬೀಗದಣ್ಣ ಗದರಿದ. ಮೇಜಿನ ಕೆಳಗಿನಿಂದ ಕಾಲು ಚಾಚಿ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡು, ಅದು ಮತ್ತೆ ಅತ್ತ ಹೋಗದಂತೆ ಆಟ ಮುಗಿಯುವವರೆಗೂ ಪಾದದಿಂದ ಒತ್ತಿ ಹಿಡಿದು ಕೂತ.